ಒರಗುವ ಕುರ್ಚಿಯೂ ನಮ್ಮವರ ಮರ್ಯಾದೆಯೂ

ನನಗೊಂದು ಕೆಟ್ಟ ಚಟವಿದೆ, ಮೊದಲೇ ಹೇಳಿಬಿಡುತ್ತೇನೆ. ಎದುರಿಗೆ ಕೂತವರ ಮುಖ ನಾನು ನೋಡುವುದಿಲ್ಲ, ಅವರು ಕೂತ ರೀತಿ ನೋಡುತ್ತೇನೆ. ಮದುವೆಮನೆಯಲ್ಲಿ ಯಾರೋ ಬಂದು ಕೈ ಹಿಡಿದು "ಗುರ್ತ ಸಿಗಲಿಲ್ಲೇನ?" ಅಂದರೆ ದೇವರಾಣೆ ಸಿಗುವುದಿಲ್ಲ. ಅವರು ಹೋಗಿ ಕುರ್ಚಿಯಲ್ಲಿ ಕೂತು, ಎಡಗಾಲನ್ನು ಬಲತೊಡೆಯ ಕೆಳಗೆ ಸೇರಿಸಿಕೊಂಡ ಕ್ಷಣ ಹೊಳೆಯುತ್ತದೆ: ಅಯ್ಯ, ಇವರು ಹಿಂದಿನ ಓಣಿಯ ಇಂದಿರಾಬಾಯಿ. ಒಮ್ಮೆ ಚಿಕ್ಕಮ್ಮನ ಮಗಳಿಗೆ ಗಂಡು ನೋಡಲು ಮನೆಯವರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ವಾಪಸು ಬರುವಾಗ ಹುಡುಗ ಹೇಗಿದ್ದಾನೆ ಎಂದು ಕೇಳಿದರು. "ಸೊಂಟ ಮುಂದ ಜಾರಿಸಿ ಕೂಡ್ತಾನ, ನಲವತ್ತಕ್ಕ ಬೆನ್ನು ಹಿಡೀತದ" ಎಂದೆ. ಆಮೇಲೆ ಇಂಥ ಕೆಲಸಕ್ಕೆ ನನ್ನನ್ನು ಯಾರೂ ಕರೆದಿಲ್ಲ.

ಇದು ವೃತ್ತಿಯಿಂದ ಅಂಟಿದ ರೋಗ. ನಾನು ಕುರ್ಚಿ, ಮೇಜು, ಮಂಚಗಳ ವಿನ್ಯಾಸ ಮಾಡುವವಳು. ವಿನ್ಯಾಸ ಎಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ಶುರುವಿನ ಏಳು ವರ್ಷ ನಾನು ಮಾಡಿದ್ದು ನಕಲು. ಹೈದರಾಬಾದಿನ ಒಂದು ದೊಡ್ಡ ಫರ್ನಿಚರ್ ಅಂಗಡಿಯಲ್ಲಿ ನನಗೊಂದು ಮೇಜು, ಒಂದು ದೀಪ, ಒಂದು ರಾಶಿ ವಿದೇಶಿ ಕ್ಯಾಟಲಾಗು. ಗಿರಾಕಿ ಚಿತ್ರದ ಮೇಲೆ ಬೆರಳಿಟ್ಟು "ಇದೇ ಬೇಕು" ಎಂದರೆ, ನಾನು ಅಳತೆ ಊಹಿಸಿ ಬರೆದುಕೊಡಬೇಕು, ಬಡಗಿ ಮಾಡಬೇಕು. ಯಾವುದೋ ಚಳಿ ದೇಶದ ಉದ್ದ ಕಾಲಿನ ಮನುಷ್ಯನಿಗೆ ಹೊಲಿದ ಅಂಗಿಯನ್ನು ನಮ್ಮವರಿಗೆ ತೊಡಿಸುವ ಕೆಲಸ. ತೊಟ್ಟವರು ಯಾರೂ ದೂರಲಿಲ್ಲ, ಯಾಕೆಂದರೆ ನಮ್ಮಲ್ಲಿ ಸೋಫಾ ಇರುವುದು ಬಂದವರು ನೋಡಲಿ ಎಂದು.

ಅಷ್ಟರಲ್ಲಿ ಊರಿಗೆ ಐಟಿ ಬಂತು. ಗಚ್ಚಿಬೌಲಿ ಕಡೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸತೊಡಗಿದರು. ಹೋದ ತಿಂಗಳು ಕುರಿ ಮೇಯುತ್ತಿದ್ದ ಜಾಗದಲ್ಲಿ ಈ ತಿಂಗಳು ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ಮಕ್ಕಳು ಮೇಯುತ್ತಿದ್ದರು. ಕಟ್ಟಡ ಬಂದರೆ ಕುರ್ಚಿ ಬರಬೇಕಲ್ಲ? ಕೆಲಸ ಮಾಡಲು ಒಂದು ಕುರ್ಚಿ, ಮೀಟಿಂಗಿಗೆ ಇನ್ನೊಂದು, ಕಾಯಲು ಮತ್ತೊಂದು. ಆಮೇಲೆ ಒಂದು ಹೊಸ ಮಾತು ಕೇಳಿಬಂತು: ಲೌಂಜ್ ಚೇರ್. ಅಂದರೆ ಏನೂ ಮಾಡದೆ ಒರಗಿ ಕೂರುವುದಕ್ಕೇ ಒಂದು ಕುರ್ಚಿ. ಕಚೇರಿಯಲ್ಲಿ, ಹಾಡುಹಗಲು, ಸಂಬಳ ಕೊಡುವವರ ಕಣ್ಣೆದುರಿಗೆ. ಆ ಮಾತು ಕೇಳಿದ ದಿನ ನನಗೆ ನಿದ್ದೆ ಹತ್ತಲಿಲ್ಲ. ಕುರ್ಚಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಊಟದ ಕುರ್ಚಿ ತಪ್ಪಿದರೆ ಊಟ ಮುಗಿಯುವ ತನಕ ಜನ ತಡೆದುಕೊಳ್ಳುತ್ತಾರೆ, ಒರಗುವ ಕುರ್ಚಿ ತಪ್ಪಿದರೆ ಎದ್ದು ಹೋಗುತ್ತಾರೆ.

ಕೆಲಸ ಬಿಟ್ಟೆ. ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಗುಲಬರ್ಗಾ ಕಡೆಯವರು, ನೀರಾವರಿ ಇಲಾಖೆಯಲ್ಲಿ ನೌಕರಿ ಮಾಡಿ ನಾರಾಯಣಗೂಡದ ಹಳೇ ಮನೆಯಲ್ಲಿ ನಿವೃತ್ತರಾದವರು. ಹೊರಗೆ ತೆಲುಗು, ಪೇಟೆಯಲ್ಲಿ ಉರ್ದು, ಸಿಟ್ಟು ಬಂದಾಗ ಮತ್ತು ಪ್ರೀತಿ ಬಂದಾಗ ಕನ್ನಡ. ಆ ದಿನ ಎರಡೂ ಒಟ್ಟಿಗೆ ಬಂದಿರಬೇಕು.

"ಜಗತ್ತಿನ್ಯಾಗ ಎಲ್ಲಾರೂ ಕುರ್ಚಿ ಸಲುವಾಗಿ ನೌಕರಿ ಮಾಡ್ತಾರ. ನೀ ನೌಕರಿ ಬಿಟ್ಟು ಕುರ್ಚಿ ಮಾಡಾಕ ಹೊಂಟಿ ಅಲ್ಲವಾ" ಅಂದರು.

ಅಂಗಡಿಯ ಮಾಲೀಕರು ಒಳ್ಳೆಯವರು. ನನ್ನ ಮೇಜನ್ನು ಬೇರೆಯವರಿಗೆ ಕೊಡುವುದಿಲ್ಲ, ಆರು ತಿಂಗಳು ಹಾಗೇ ಇಟ್ಟಿರುತ್ತೇನೆ ಎಂದರು. ಆ ಒಳ್ಳೆಯತನವೇ ನನ್ನನ್ನು ಚುಚ್ಚಿತು. ನಾನು ಸೋತು ವಾಪಸು ಬರುತ್ತೇನೆ ಎಂದು ಅವರಿಗೆ ಅಷ್ಟು ನಂಬಿಕೆ. ಆ ಮೇಜಿಗೆ, ಆ ಕ್ಯಾಟಲಾಗಿಗೆ ಮತ್ತೆ ಮರಳಬಾರದು ಎಂಬುದೊಂದೇ ನನ್ನ ಹಟವಾಯಿತು.

ನಾಲ್ಕನೆಯ ತಿಂಗಳಲ್ಲಿ ಪ್ರದೀಪ ಸಿಕ್ಕ. ಮೈಸೂರಿನ ಹುಡುಗ, ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಕಟ್ಟಡ, ಕ್ಯಾಂಟೀನು, ಕುರ್ಚಿಗಳ ಉಸ್ತುವಾರಿ ಅವನದು. ಫೋನಿನಲ್ಲಿ ನನ್ನ ಹಿಂದಿ ಕೇಳಿ ಎರಡನೇ ವಾಕ್ಯಕ್ಕೇ "ಮೇಡಂ, ನೀವು ಕನ್ನಡದೋರಾ?" ಎಂದ. ಆಮೇಲೆ ಕೆಲಸ ಸಲೀಸಾಯಿತು. ಮೂರನೇ ಮಹಡಿಯ ವಿಶ್ರಾಂತಿ ಕೋಣೆಗೆ ನಲವತ್ತು ಲೌಂಜ್ ಚೇರ್ ಬೇಕು. ವಿದೇಶದಿಂದ ತರಿಸುವ ಮಾತು ನಡೆದಿದೆ. ನಾನು ಒಂದು ಮಾದರಿ ಮಾಡಿಕೊಟ್ಟರೆ ಎಂಟು ದಿನ ಇಟ್ಟು ನೋಡುತ್ತಾರೆ. ಜನ ಕೂತರೆ ನನಗೆ, ಇಲ್ಲದಿದ್ದರೆ ಹಡಗಿಗೆ.

ಈಗ ಕುರ್ಚಿ ಮಾಡುವುದು ಹೇಗೆ ಎಂದು ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ. ಕುರ್ಚಿಯ ಚಂದ ಕೊನೆಗೆ ಬರುವುದು, ಮೊದಲು ಬರುವುದು ಮೈ. ಮೊಣಕಾಲಿನಿಂದ ನೆಲಕ್ಕೆ ಎಷ್ಟು, ಸೊಂಟದಿಂದ ಮೊಣಕಾಲಿಗೆ ಎಷ್ಟು, ಬೆನ್ನು ಎಷ್ಟು ಹಿಂದೆ ವಾಲಿದರೆ ಹೊಟ್ಟೆ ಹಗುರಾಗುತ್ತದೆ, ಎಷ್ಟು ವಾಲಿದರೆ ಕುತ್ತಿಗೆ ಹಿಡಿಯುತ್ತದೆ. ಪುಸ್ತಕಗಳಲ್ಲಿ ಈ ಅಂಕಿಗಳೆಲ್ಲ ಇವೆ, ಆದರೆ ಅವು ಆ ಉದ್ದ ಕಾಲಿನವರವು. ನಮ್ಮ ಅಳತೆ ನಾವೇ ಹಿಡಿಯಬೇಕು. ಅದಕ್ಕಾಗಿ ಒಂದು ಪರೀಕ್ಷೆಯ ಕುರ್ಚಿ ಮಾಡಿಸಿದೆ. ನೋಡಲು ಘೋರ. ಎಲ್ಲೆಲ್ಲೂ ತೂತು, ನಟ್ಟು, ಬೋಲ್ಟು. ಬೆನ್ನು ಮುಂದೆ ಹಿಂದೆ ಹೋಗುತ್ತದೆ, ಕೂರುವ ಹಲಗೆ ಮೇಲೆ ಕೆಳಗೆ ಆಗುತ್ತದೆ, ಕೈಗಳು ಏರುತ್ತವೆ ಇಳಿಯುತ್ತವೆ. ಅಪ್ಪ ಅದನ್ನು ಪಡಸಾಲೆಯಲ್ಲಿ ನೋಡಿದವರೇ "ಹಲ್ಲು ಕೀಳೂದು ಇದ್ರಾಗೇನ?" ಎಂದು ಕೇಳಿದರು.

ಮಾಡಿದವರು ಯೂಸುಫ್ ಭಾಯಿ. ನಮ್ಮ ಓಣಿಯ ಹಿಂದೆ ಅವರ ಕಾರ್ಖಾನೆ, ಅಂದರೆ ಒಂದು ತಗಡಿನ ಸೂರು. ನೆಲದ ಮೇಲೆ ಕೂತು, ಹಲಗೆಯನ್ನು ಪಾದಗಳ ನಡುವೆ ಹಿಡಿದು ಉಜ್ಜುವ ಬಡಗಿ. ಮೂವತ್ತು ವರ್ಷ ಕುರ್ಚಿ ಮಾಡಿದ್ದಾರೆ, ಒಂದರಲ್ಲೂ ಕೂತಿಲ್ಲ. ಕೂತು ನೋಡಿ ಭಾಯಿ ಎಂದರೆ "ನಕ್ಕೊ ಮೇಡಂ" ಎಂದು ಬೇಡವೆನ್ನುವಂತೆ ಕೈ ಮುಂದೆ ಮಾಡುತ್ತಾರೆ. ಮಾಡಿದವನು ಕೂತುಬಿಟ್ಟರೆ ಕುರ್ಚಿ ಆಗಲೇ ಹಳೇದಾಯಿತು, ಗಿರಾಕಿಗೆ ಹಳೇ ಕುರ್ಚಿ ಕೊಡಬಾರದು ಎಂಬುದು ಅವರ ನೇಮ. ಎರಡೂ ಅಂಗೈ ಊರಿ ಒಮ್ಮೆ ಒತ್ತುತ್ತಾರೆ, ಅಷ್ಟೇ ಅವರ ಕೂರುವಿಕೆ. ನನಗೆ ಈ ನೇಮ ಬಹಳ ಹಿಡಿಸಿ, ನಾನೂ ಪಾಲಿಸತೊಡಗಿದೆ.

ಇನ್ನು ಮೈಗಳು ಬೇಕು. ಭಾನುವಾರ ನಮ್ಮ ಮನೆಗೆ ಜೋಳದ ರೊಟ್ಟಿಯ ಆಸೆಗೆ ಬರುವ ಸಾಫ್ಟ್‌ವೇರ್ ಹುಡುಗ ಹುಡುಗಿಯರಿದ್ದರು, ಅಪ್ಪನ ಜೊತೆ ವಾಕಿಂಗಿಗೆ ಹೋಗುವ ನಿವೃತ್ತರಿದ್ದರು, ನನ್ನ ಅತ್ತೆಯರು ಮಾವಂದಿರು ಇದ್ದರು. ಮೂವತ್ತು ಜನರನ್ನು ಒಬ್ಬೊಬ್ಬರಾಗಿ ಆ ಘೋರ ಕುರ್ಚಿಯಲ್ಲಿ ಕೂರಿಸಿ ಟೇಪು ಹಿಡಿದೆ. ಎಂಥ ಶಿಸ್ತು ಅವರದು. ಕಾಲು ಜೋಡಿಸಿ, ಕೈ ತೊಡೆಯ ಮೇಲಿಟ್ಟು, ಗದ್ದ ಎತ್ತಿ ಕೂತರು. "ಆರಾಮ ಕೂಡ್ರಿ" ಎಂದರೆ "ಆರಾಮನ ಅದೀನಿ" ಎಂದು ಇನ್ನಷ್ಟು ಸೆಟೆದರು. ಎಲ್ಲವನ್ನೂ ಬರೆದುಕೊಂಡೆ. ನಮ್ಮ ಜನರ ಬೆನ್ನು ಎಷ್ಟು ನೇರ ಎಂದು ಹೆಮ್ಮೆಪಟ್ಟು ಅಂಕಿಗಳ ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಕುರ್ಚಿ ಆಯಿತು. ಹೇಗಿತ್ತು ಎನ್ನಲಿ? ಸಾಗುವಾನಿ ಚೌಕಟ್ಟು, ಬಾಗಿಸಿದ ಪ್ಲೈವುಡ್ಡಿನ ಬೆನ್ನು, ಹುಣಸೆಹಣ್ಣಿನ ಬಣ್ಣದ ದಪ್ಪ ಬಟ್ಟೆ. ಕೈಗಳು ಎರಡೂ ಕಡೆಯಿಂದ ಮೇಲೆದ್ದು ಸರಿಯಾಗಿ ಮೊಣಕೈಯಡಿಗೆ ಬಂದು ನಿಲ್ಲುತ್ತಿದ್ದವು. ಟೆಂಪೋದಲ್ಲಿ ಅದನ್ನು ಗಚ್ಚಿಬೌಲಿಗೆ ಒಯ್ಯುವಾಗ ಡ್ರೈವರಿನ ಪಕ್ಕ ಕೂರದೆ ಹಿಂದೆ ಕುರ್ಚಿಯ ಜೊತೆ ನಿಂತೇ ಹೋದೆ. ಸಿಗ್ನಲ್ಲಿನಲ್ಲಿ ಜನ ನೋಡುತ್ತಿದ್ದರು. ನೋಡಲಿ ಎಂದೇ ನಿಂತಿದ್ದೆ.

ಮೂರನೇ ದಿನ ಪ್ರದೀಪನ ಫೋನು. "ಮೇಡಂ, ಕುರ್ಚಿ ಎಲ್ರಿಗೂ ತುಂಬಾ ಇಷ್ಟ ಆಗಿದೆ. ಎಲ್ರೂ ಫೋಟೋ ತೆಗೀತಿದಾರೆ."

"ಹಂಗಾರ ಭಾಳ ಛಲೋ ಆತಲ್ಲ."

"ಒಂದೇ ಪ್ರಾಬ್ಲಮ್ಮು. ಯಾರೂ ಕೂರ್ತಿಲ್ಲ."

ಆಟೋ ಹಿಡಿದು ಓಡಿದೆ. ವಿಶ್ರಾಂತಿ ಕೋಣೆಯಲ್ಲಿ ನನ್ನ ಕುರ್ಚಿ ಕಿಟಕಿಯ ಪಕ್ಕ ರಾಜನ ಹಾಗೆ ಇತ್ತು, ಅದರ ಮೇಲೆ ಯಾರದೋ ಲ್ಯಾಪ್‌ಟಾಪ್ ಬ್ಯಾಗು ಒರಗಿತ್ತು. ಬ್ಯಾಗಿಗೆ ಮಾತ್ರ ಪರಮ ಸುಖ. ಮೂಲೆಯಲ್ಲಿ ಪತ್ರಿಕೆ ಹಿಡಿದು ಕಾದೆ. ಒಬ್ಬ ಹುಡುಗಿ ಟಿಫಿನ್ ಡಬ್ಬಿ ಹಿಡಿದು ಬಂದಳು, ಬ್ಯಾಗು ಕೆಳಗಿಟ್ಟು ಕೂತಳು. ನಾನು ಪತ್ರಿಕೆ ತಗ್ಗಿಸಿ ನೋಡಿದೆ. ಮೊದಲು ಅಂಚಿನಲ್ಲಿ ಕೂತಳು. ಹಲಗೆ ಹಿಂದಕ್ಕೆ ಇಳಿಜಾರು, ಅಂಚು ಅವಳ ತೊಡೆ ಒತ್ತಿತು. ಒಳಕ್ಕೆ ಸರಿದಳು. ಚಪ್ಪಲಿ ಬಿಟ್ಟು ಕಾಲು ಮೇಲೆತ್ತಿಕೊಳ್ಳಲು ನೋಡಿದಳು. ಎರಡೂ ಮೊಣಕಾಲು ಹೋಗಿ ನನ್ನ ಕುರ್ಚಿಯ ಸುಂದರವಾದ ಕೈಗಳಿಗೆ ಬಡಿದವು. ಒಂದು ಕಾಲು ಇಳಿಸಿದಳು, ಇನ್ನೊಂದು ಏರಿಸಿದಳು, ಅದೂ ಆಗಲಿಲ್ಲ. ಎದ್ದಳು. ಬ್ಯಾಗನ್ನು ಮತ್ತೆ ಕುರ್ಚಿಯ ಮೇಲಿಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನೆಮ್ಮದಿಯಾಗಿ ಪುಳಿಹೋರ, ಅಂದರೆ ನಮ್ಮ ಪುಳಿಯೋಗರೆ, ತಿಂದಳು.

ಮನೆಗೆ ಬರುವ ದಾರಿಯುದ್ದಕ್ಕೂ ಆ ಹುಡುಗಿಯನ್ನು ಬೈದುಕೊಂಡೆ. ಕುರ್ಚಿಯಲ್ಲಿ ಕೂರಲು ಬರದ ಜನ, ಇವರಿಗೇಕೆ ಲೌಂಜು? ಅಂಗಡಿಯ ಮೇಜು, ದೀಪ, ಕ್ಯಾಟಲಾಗು ಕಣ್ಣಿಗೆ ಕಟ್ಟಿದವು. ಕೋಪದಲ್ಲಿ ಎಂದಿನಂತೆ ಗೇಟು ಜೋರಾಗಿ ತೆರೆಯಲೂ ಮರೆತು, ಸದ್ದಿಲ್ಲದೆ ಒಳಗೆ ಬಂದೆ.

ಪಡಸಾಲೆಯಲ್ಲಿ ಅಪ್ಪ ಒಬ್ಬರೇ ಇದ್ದರು. ಅದೇ ಘೋರ ಕುರ್ಚಿಯಲ್ಲಿ. ಬೋಲ್ಟು ಬಿಚ್ಚಿ ಅದರ ಎರಡೂ ಕೈ ತೆಗೆದು ನೆಲದ ಮೇಲಿಟ್ಟಿದ್ದರು. ಒಂದು ಕಾಲು ಮಡಿಚಿ ಕೆಳಗೆ, ಇನ್ನೊಂದು ಕಾಲು ಮಡಿಚಿ ಮೇಲೆ, ಮೊಣಕಾಲುಗಳು ಎರಡೂ ಕಡೆ ಹೊರಗೆ ಚಾಚಿಕೊಂಡಿದ್ದವು, ಬೆನ್ನು ಪೂರ್ತಿ ಹಿಂದಕ್ಕೆ ಒರಗಿತ್ತು, ಪೇಪರು ಎದೆಯ ಮೇಲಿತ್ತು. ನನ್ನ ಅಪ್ಪ ಒರಗಿದ್ದನ್ನು ನಾನು ಆ ವಯಸ್ಸಿನವರೆಗೆ ನೋಡಿರಲಿಲ್ಲ. ಬಂದವರೆದುರು ಅವರು ಯಾವತ್ತೂ ಕುರ್ಚಿಯ ಅಂಚಿನಲ್ಲೇ ಕೂರುವವರು. ನನ್ನನ್ನು ಕಂಡದ್ದೇ ತಡ, ಕಾಲು ಪಟಕ್ಕನೆ ಕೆಳಗೆ ಬಂದವು, ಬೆನ್ನು ನೆಟ್ಟಗಾಯಿತು, ಕೈ ತೊಡೆಯ ಮೇಲೆ ಹೋಯಿತು.

"ಅಪ್ಪಾ, ಹಂಗ ಕೂಡ್ರಿ, ಮೊದಲಿನಂಗ."

"ಛೆ, ಹಂಗ್ಯಾಕ ಕೂಡ್ಲಿ? ನೀ ಟೇಪು ತಂದಿ ಅಂದಕೊಂಡೆ."

"ಟೇಪು ತಂದ್ರ ಏನಾತು?"

"ಅಳತಿ ತಗೊಳ್ಳೂ ಮುಂದ ನೆಟ್ಟಗ ಕೂಡಬೇಕವಾ. ಮಂದಿ ನೋಡೂಮುಂದ ಕಾಲ ಮ್ಯಾಲ ತಗೊಂಡು ಕೂಡಾಕ ಬರ್ತದೇನು?"

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಮೂವತ್ತು ಜನರನ್ನು ಅಳೆದಿದ್ದೆನಲ್ಲ, ಅಳೆದದ್ದು ಅವರ ಮೈಯನ್ನಲ್ಲ, ಮರ್ಯಾದೆಯನ್ನು. ಟೇಪು ಕಂಡೊಡನೆ ನಮ್ಮವರು ಮೇಷ್ಟರೆದುರಿನ ಮಕ್ಕಳಾಗುತ್ತಾರೆ. ಅವರ ಸುಖ ಇರುವುದು ಯಾರೂ ನೋಡದಿರುವಾಗ. ನಾನು ಹೆಮ್ಮೆಯಿಂದ ಎರಡು ಗೆರೆ ಎಳೆದ ಆ ನೇರ ಬೆನ್ನುಗಳು ಮೂವತ್ತೂ ಸುಳ್ಳು. ಇಂಥ ತಪ್ಪು ಆ ಚಳಿ ದೇಶದ ವಿನ್ಯಾಸಕಾರ ಮಾಡಲಾರ, ಅವನ ಜನ ಅಳತೆಗೂ ಕಾಲು ಚಾಚಿಯೇ ಕೂರುತ್ತಾರೇನೋ. ನಮ್ಮಲ್ಲಿ ಪೀಠ, ಮಣೆ, ಆಸನ ಎಂದು ಕೂರುವುದಕ್ಕೆ ಎಷ್ಟೊಂದು ಹೆಸರು. ಎಲ್ಲವೂ ಕಾಲು ಮಡಿಚುವುದಕ್ಕೇ ಆದವು. ಕಾಲು ಇಳಿಬಿಡುವ ಕುರ್ಚಿ ಹೆಸರನ್ನೂ ಹೊತ್ತುಕೊಂಡು ಹೊರಗಿನಿಂದ ಬಂದ ನೆಂಟ. ನೆಂಟನೆದುರು ನಾವು ಸಭ್ಯರಾಗಿಯೇ ಇರುತ್ತೇವೆ. ಇಷ್ಟು ತಿಳಿಯಲು ನನಗೆ ಏಳು ವರ್ಷ, ಮೇಲೆ ಐದು ತಿಂಗಳು ಬೇಕಾಯಿತು ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಖುಷಿಗೆ ಅಪ್ಪನಿಗೆ ಎರಡನೇ ಸಲ ಚಹಾ ಮಾಡಿಕೊಟ್ಟೆ, ಅದು ಡಾಕ್ಟರು ಬೇಡವೆಂದದ್ದು.

ಪ್ರದೀಪನಲ್ಲಿ ಬೇಡಿಕೊಂಡು ಹದಿನೈದು ದಿನ ತೆಗೆದುಕೊಂಡೆ. ಈ ಸಲ ಟೇಪನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ. ಪಡಸಾಲೆಯ ದೊಡ್ಡ ಮಂಚದ ಮೇಲೆ ಕರಿ ಕಂಬಳಿ ಹಾಸಿ, ರಂಗೋಲಿ ಪುಡಿಯನ್ನು ಜರಡಿ ಹಿಡಿದು ತೆಳ್ಳಗೆ ಉದುರಿಸಿದೆ. ಭಾನುವಾರ ಎಲ್ಲರನ್ನೂ ಮಿರ್ಚಿ ಭಜಿಗೆ ಕರೆದೆ, ಪ್ರದೀಪನನ್ನೂ ಕೂಡ. ಭಜಿ ಬಿಸಿ ಇತ್ತು, ಮಾತು ಅದಕ್ಕಿಂತ ಬಿಸಿ ಇತ್ತು: ಮಿಯಾಪುರದಲ್ಲಿ ಫ್ಲಾಟು ತೆಗೆದುಕೊಂಡರೆ ಊರಿನಲ್ಲಿ ಇದ್ದಹಾಗೋ ಊರ ಹೊರಗೋ ಎಂದು ವಾದ. ವಾದ ಏರಿದಂತೆ ಜನ ಮಂಚವೇರಿದರು, ಕಾಲು ಮೇಲೆ ಬಂದವು, ಗೋಡೆಗೆ ಬೆನ್ನು ಹತ್ತಿತು. ಒಬ್ಬರು ಎದ್ದು ಇನ್ನೊಬ್ಬರು ಬರುವ ಮಧ್ಯೆ ನಾನು ತಟ್ಟೆ ತೆಗೆಯುವ ನೆಪದಲ್ಲಿ ಹೋಗಿ ಪುಡಿಯಲ್ಲಿ ಮೂಡಿದ ಗುರುತಿಗೆ ಕಡ್ಡಿ ಇಟ್ಟು ಅಳೆದು ಬರುತ್ತಿದ್ದೆ. ಎಂಥ ಅಗಲ, ಎಂಥ ವೈಭವ. ಮೊಣಕಾಲಿಂದ ಮೊಣಕಾಲಿಗೆ ನನ್ನ ಕುರ್ಚಿಯ ಒಂದೂವರೆಯಷ್ಟು. ಹಿರಿಯರ ಪಂಚೆ ಬಿಳಿ, ಅವರಿಗೆ ಏನೂ ಗೊತ್ತಾಗಲಿಲ್ಲ. ಪ್ರದೀಪ ಮಾತ್ರ ಕರಿ ಪ್ಯಾಂಟಿನಲ್ಲಿ ಬಂದಿದ್ದ. ಹಿಂದೆ ಎರಡು ಪೂರ್ಣಚಂದ್ರ ಹೊತ್ತುಕೊಂಡೇ ಬಸ್ಸು ಹತ್ತಿದನಂತೆ.

ಯೂಸುಫ್ ಭಾಯಿಗೆ ಹೊಸ ನಕ್ಷೆ ಕೊಟ್ಟಾಗ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ವಾಪಸು ತಂದ ಹಳೇ ಕುರ್ಚಿಯ ಚೌಕಟ್ಟು ಬಿಚ್ಚಿ ಅದರ ಕೈಗಳನ್ನು ಕತ್ತರಿಸಬೇಕಿತ್ತು, ಅವುಗಳ ಮೇಲೆ ಅವರು ನಾಲ್ಕು ದಿನ ಬೆವರು ಸುರಿಸಿದ್ದರು. ನಾನು ಕಂಬಳಿಯ ಕಥೆ ಹೇಳಿದೆ. ಅವರು ತಾವು ಕೂತ ನೆಲ ನೋಡಿಕೊಂಡರು, ತಮ್ಮ ಮಡಿಚಿದ ಕಾಲು ನೋಡಿಕೊಂಡರು. "ಯೇ ಬಾತ್ ಪೈಲೇ ಬೋಲ್ನಾ ಥಾ ನಾ ಮೇಡಂ" ಎಂದು ಗರಗಸ ಎತ್ತಿದರು. ಮೊದಲೇ ಹೇಳಬಾರದಿತ್ತೆ ಎಂದರೆ ಹೇಳುವುದು ಹೇಗೆ, ಕಣ್ಣೆದುರೇ ದಿನಾ ಕಾಲು ಮಡಿಚಿ ಕೂತ ಮನುಷ್ಯನನ್ನು ನಾನೇ ನೋಡಿರಲಿಲ್ಲ.

ಹೊಸ ಕುರ್ಚಿ ತಗ್ಗಾಗಿತ್ತು, ಅಗಲವಾಗಿತ್ತು. ಮುಂದಿನ ಒಂದು ಗೇಣು ಸಮತಟ್ಟು, ಅಂಚಿನಲ್ಲಿ ಕೂರುವ ಸಭ್ಯರಿಗೆ. ಅದರ ಹಿಂದೆ ಮೆಲ್ಲಗೆ ಇಳಿಜಾರು, ಸಭ್ಯತೆ ಸಾಕೆನಿಸಿದವರಿಗೆ. ಕೈಗಳು ತೀರ ಕೆಳಗೆ, ಹೊರಗೆ ತೆರೆದುಕೊಂಡು, ಮಡಿಚಿದ ಮೊಣಕಾಲು ಬಂದು ಅವುಗಳ ಮೇಲೇ ಮಲಗುವಂತೆ. ಕೆಳಗೆ ಚಪ್ಪಲಿಗೆ ಒಂದು ಜಾಗ. ಯೂಸುಫ್ ಭಾಯಿ ಅಂಗೈ ಊರಿ ಒತ್ತಿದರು. ಸಾಮಾನ್ಯವಾಗಿ ಒಮ್ಮೆ ಒತ್ತುವವರು ಈ ಸಲ ಎರಡು ಸಲ ಒತ್ತಿದರು.

ಮೂರನೇ ಮಹಡಿಗೆ ಕುರ್ಚಿ ಹೋಗಿ ನಾಲ್ಕು ದಿನವಾದರೂ ಪ್ರದೀಪನ ಫೋನು ಬರಲಿಲ್ಲ. ಐದನೇ ದಿನ ತಡೆಯಲಾರದೆ ನಾನೇ ಹೋದೆ. ಬಾಗಿಲಲ್ಲೇ ಸಿಕ್ಕ.

"ಮೇಡಂ, ಈಗ ಬೇರೆ ಪ್ರಾಬ್ಲಮ್ಮು. ಕೂತೋರು ಏಳ್ತಾನೇ ಇಲ್ಲ. ನಿನ್ನೆ ನಮ್ಮ ಬಾಸೇ ಕಾಲ್ ಮಡ್ಚ್ಕೊಂಡ್ ಕೂತಿದ್ರು, ನಾನ್ ಒಳಗ್ ಹೋದೆ, ಪಾಪ ಗಾಬರಿಯಾಗಿ ಶೂ ಹುಡುಕ್ತಿದ್ರು. ನಲವತ್ತಕ್ಕೂ ಸಹಿ ಆಯ್ತು. ನಿಮ್ಗೆ ಭಾನುವಾರ ಮನೆಗೇ ಬಂದು ಹೇಳೋಣ ಅಂತಿದ್ದೆ, ಭಜಿ ಇರುತ್ತಲ್ಲ."

ನನ್ನ ಕಣ್ಣು ತುಂಬಿದವು. ಅದನ್ನು ಅವನಿಗೆ ತೋರಿಸದೆ ಒಳಗೆ ಹೋದೆ. ಕುರ್ಚಿಯಲ್ಲಿ ಅದೇ ಪುಳಿಹೋರದ ಹುಡುಗಿ. ಚಪ್ಪಲಿ ಕೆಳಗೆ, ಕಾಲು ಮೇಲೆ, ಬೆನ್ನು ಹಿಂದೆ, ಕಣ್ಣು ಅರ್ಧ ಮುಚ್ಚಿದೆ. ಹಾಗೇ ಇರಲಿ ಎಂದು ನಾನು ಹಿಂದೆ ಸರಿಯುವಷ್ಟರಲ್ಲಿ ಅವಳು ನೋಡಿದಳು. ನೋಡಿದ್ದೇ ತಡ ಕಾಲು ಇಳಿಯಿತು, ಬೆನ್ನು ನೆಟ್ಟಗಾಯಿತು. ಎದ್ದು ನಿಂತು "ಕೂರ್ಚೋಂಡಿ ಮೇಡಂ" ಎಂದು ಕುರ್ಚಿ ತೋರಿಸಿದಳು. ನಮ್ಮವರ ಮರ್ಯಾದೆಯನ್ನು ಯಾವ ಕುರ್ಚಿಯೂ ಪೂರ್ತಿ ಗೆಲ್ಲಲಾರದು.

ಬೇಡವೆಂದೆ, ಅವಳು ಬಿಡಲಿಲ್ಲ. ಯೂಸುಫ್ ಭಾಯಿಯ ನೇಮ ನೆನಪಾಯಿತು. ಈ ಕುರ್ಚಿಯಲ್ಲಿ ನಾನು ಇನ್ನೂ ಕೂತಿರಲಿಲ್ಲ. ಪರೀಕ್ಷೆಯ ಕುರ್ಚಿಯಲ್ಲೂ ಕೂತದ್ದು ಅಂಚಿನಲ್ಲಿ, ಪೆನ್ಸಿಲ್ ಹಿಡಿದು, ಮೈಯೆಲ್ಲ ಲೆಕ್ಕವಾಗಿ. ಊರಿನವರನ್ನೆಲ್ಲ ಅಳೆದವಳು ನನ್ನನ್ನೇ ಬಿಟ್ಟಿದ್ದೆ. ಈಗಲೂ ಅಂಚಿನಲ್ಲೇ ಕೂತೆ, ಆ ಸಮತಟ್ಟು ಗೇಣಿನ ಮೇಲೆ, ಅಪ್ಪನ ಮಗಳಾಗಿ. ಕೋಣೆಯಲ್ಲಿ ಹತ್ತು ಹನ್ನೆರಡು ಜನರಿದ್ದರು. ಒಂದು ನಿಮಿಷ ಹಾಗೇ ಕೂತೆ. ಆಮೇಲೆ ಚಪ್ಪಲಿ ಬಿಟ್ಟೆ, ಕಾಲು ಮೇಲೆ ತಗೊಂಡೆ. ಮೊಣಕಾಲು ಹೋಗಿ ಕೈಗಳ ಮೇಲೆ ಮಲಗಿದವು. ಬೆನ್ನು ತಾನಾಗಿ ಹಿಂದಕ್ಕೆ ಹೋಯಿತು. ಕುರ್ಚಿ ಹಳೇದಾಯಿತು.

ಎಷ್ಟು ಹೊತ್ತು ಹಾಗಿದ್ದೆನೋ. ಆ ಕೋಣೆಯಲ್ಲಿ ಆಗ ಯಾರು ಹೇಗೆ ಕೂತಿದ್ದರು ಎಂದು ನೀವು ಕೇಳಿದರೆ, ನಾನು ನೋಡಲಿಲ್ಲ.